ಫ್ಲಾರೆನ್ಸಿನ ಊಟದ ಮನೆಗಳ ಬೆನ್ನು ಹತ್ತಿ

ಲಿಯೊನಾರ್ಡೊ ಡಾ ವಿಂಚಿಯ ಲಾಸ್ಟ್ ಸಪರ್, ಅಂದರೆ ಯೇಸುವಿನ ಕೊನೆಯ ಭೋಜನದ ಚಿತ್ರ, ಇರುವುದು ಮಿಲಾನಿನಲ್ಲಿ. ಟಿಕೆಟ್ ಮೊದಲೇ ಮಾಡಿಸಬೇಕು, ಒಳಗೆ ಬಿಡುವುದು 15 ನಿಮಿಷ ಮಾತ್ರ. ಆ ಟಿಕೆಟ್‌ಗಳನ್ನೂ ಒಟ್ಟಿಗೆ ಮಾರುವುದಿಲ್ಲ, ಕೆಲವು ತಿಂಗಳಿಗೊಮ್ಮೆ ಕಂತು ಕಂತಾಗಿ ಬಿಡುತ್ತಾರೆ. ನಮಗೆ ಬೇಕಿದ್ದ ವಾರದ್ದು ಪೂರ್ತಿ ಖಾಲಿಯಾಗಿತ್ತು. ಏಜೆಂಟರ ಹತ್ತಿರ ಗೈಡ್ ಸಮೇತ ಸಿಗುತ್ತಿತ್ತು, ಆದರೆ ಆ ರೇಟಿಗೆ ಇನ್ನೊಂದು ಊರು ನೋಡಿಕೊಂಡು ಬರಬಹುದಿತ್ತು.

ಈ ಪ್ರವಾಸ ನಾನು ಮತ್ತು ನಮ್ಮಕ್ಕ ಇಬ್ಬರದು. ಅಕ್ಕ ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತಳಾದವಳು, ಇರುವುದು ಮೈಸೂರಿನಲ್ಲಿ. ಟಿಕೆಟ್ ಇಲ್ಲ ಅಂತ ಫೋನಿನಲ್ಲಿ ಹೇಳಿದಾಗ ಅವಳು ಬೇಜಾರು ಮಾಡಿಕೊಳ್ಳಲೇ ಇಲ್ಲ. “ಆ ಚಿತ್ರ ಮಠದ ಊಟದ ಮನೆ ಗೋಡೆ ಮೇಲೆ ಬರೆದದ್ದು ತಾನೆ? ಬೇರೆ ಮಠಗಳಲ್ಲಿ ಊಟದ ಮನೆ ಇರಲಿಲ್ವೇನೆ?” ಅಂದಳು.

ಇತ್ತು. ಅದೂ ಒಂದೇ ಊರಿನಲ್ಲಿ ಸಾಲು ಸಾಲಾಗಿ. ಹುಡುಕುತ್ತಾ ಹೋದ ಹಾಗೆ ಫ್ಲಾರೆನ್ಸ್ ಊರಿನ ಹಳೆಯ ಮಠಗಳ ಊಟದ ಮನೆಗಳಲ್ಲಿ ಯೇಸುವಿನ ಕೊನೆಯ ಭೋಜನದ ಚಿತ್ರಗಳು ಒಂದರ ಹಿಂದೆ ಒಂದು ಸಿಕ್ಕವು. ಸುಮಾರು 1350ರ ಆಸುಪಾಸಿನಿಂದ ಹಿಡಿದು ಇನ್ನೂರು ವರ್ಷಕ್ಕೂ ಜಾಸ್ತಿ ಕಾಲ, ಒಬ್ಬರಾದ ಮೇಲೆ ಒಬ್ಬರು ಕಲಾವಿದರು ಅದೇ ಮೇಜು, ಅದೇ ಹದಿಮೂರು ಜನ, ಅದೇ ಗಳಿಗೆಯನ್ನು ಬರೆದಿದ್ದಾರೆ. ಇಟಲಿಯಲ್ಲಿ ಇದಕ್ಕೆ ಚೆನಾಕೊಲೊ ಅನ್ನುತ್ತಾರೆ, ಊಟದ ಮನೆಗೂ ಅದೇ ಹೆಸರು, ಗೋಡೆಯ ಮೇಲಿನ ಚಿತ್ರಕ್ಕೂ ಅದೇ. ಕ್ರೈಸ್ತ ಮಠಗಳಲ್ಲಿ ಊಟ ಮಾಡುವಾಗ ಮಾತಾಡುವ ಹಾಗಿರಲಿಲ್ಲ. ಒಬ್ಬರು ಧರ್ಮಗ್ರಂಥ ಓದುತ್ತಿದ್ದರೆ ಉಳಿದವರು ಕೇಳಿಕೊಂಡು ಉಣ್ಣಬೇಕು. ಎದುರಿನ ಗೋಡೆಯಲ್ಲಿ ಯೇಸು ತನ್ನ ಶಿಷ್ಯರ ಜೊತೆ ಊಟಕ್ಕೆ ಕೂತಿದ್ದಾನೆ. ಅಲ್ಲಿಗೆ ಈ ಚಿತ್ರ ಯಾಕೆ ಬರೆಸಿದರು ಅಂತ ಬೇರೆ ವಿವರಣೆ ಬೇಕಿಲ್ಲ ಅಲ್ವಾ.

ಮಿಲಾನ್ ಬಿಟ್ಟೆವು. ಇದ್ದಷ್ಟು ದಿನ ಫ್ಲಾರೆನ್ಸ್ ಒಂದೇ ಊರು, ಅದರಲ್ಲೂ ಊಟದ ಮನೆಗಳು ಮೊದಲು, ಉಳಿದದ್ದು ಆಮೇಲೆ ಅಂತ ತೀರ್ಮಾನ ಮಾಡಿಕೊಂಡೆವು. ಪರಿಚಯದ ಟ್ರಾವೆಲ್ಸ್‌ನವರೊಬ್ಬರು ಅಷ್ಟೇ ದಿನಕ್ಕೆ ರೋಮ್, ಫ್ಲಾರೆನ್ಸ್, ಪೀಸಾ, ವೆನಿಸ್, ಮೇಲೆ ಸ್ವಿಟ್ಜರ್ಲೆಂಡ್ ಸೇರಿಸಿ ಪ್ಯಾಕೇಜ್ ಕಳಿಸಿದ್ದರು. ಅದರಲ್ಲಿ ಫ್ಲಾರೆನ್ಸಿಗೆ ಸಿಕ್ಕಿದ್ದು ಅರ್ಧ ದಿನ, ಅದರಲ್ಲೂ ಚರ್ಮದ ಬ್ಯಾಗಿನ ಅಂಗಡಿಗೆ ಒಂದು ಗಂಟೆ.

ಕೆಲಸ ಶುರುವಾದದ್ದು ಎಕ್ಸೆಲ್ ಶೀಟಿನಿಂದ. ಜಾಗ, ಬರೆದವರು, ಇಸವಿ, ರಜೆ, ಬಾಗಿಲು ತೆಗೆಯುವ ಹೊತ್ತು, ಬುಕಿಂಗ್ ಬೇಕೋ ಬೇಡವೋ. ರಜೆಯ ಕಾಲಮ್ಮು ತುಂಬುವುದರಲ್ಲೇ ತಲೆ ಕೆಟ್ಟುಹೋಯಿತು. ಉಫೀಜಿ, ಅಕಾಡೆಮಿಯಾ ಥರದ ದೊಡ್ಡ ಮ್ಯೂಸಿಯಮ್ಮುಗಳಿಗೆ ಸೋಮವಾರ ರಜೆ, ಅಷ್ಟು ಸರಳ. ಆದರೆ ಚಿಕ್ಕವುಗಳಲ್ಲಿ ಕೆಲವಕ್ಕೆ ತಿಂಗಳ ಎಷ್ಟನೆಯ ಭಾನುವಾರ, ಎಷ್ಟನೆಯ ಸೋಮವಾರ ಅನ್ನುವುದರ ಮೇಲೆ ರಜೆ. ಕೆಲವು ಬೆಳಿಗ್ಗೆ ತೆಗೆದು ಮಧ್ಯಾಹ್ನಕ್ಕೆ ಮುಚ್ಚುತ್ತವೆ, ಕೆಲವು ವಾರದಲ್ಲಿ ಕೆಲವೇ ದಿನ ತೆಗೆಯುತ್ತವೆ. ಸಾಂತಾ ಕ್ರೋಚೆ ಚರ್ಚಿನಲ್ಲಿ ಭಾನುವಾರ ಬೆಳಿಗ್ಗೆ ಪ್ರಾರ್ಥನೆಗೆ ಬಂದವರಿಗೆ ಮಾತ್ರ ಪ್ರವೇಶ. ಬ್ರಾಂಕಾಚ್ಚಿ ಚಾಪೆಲ್ಲಿಗೆ ಮಂಗಳವಾರ ರಜೆ. ಈ ಹೊತ್ತುಗಳು ಆಗಾಗ ಬದಲಾಗುತ್ತವೆ, ಹಾಗಾಗಿ ಹಳೆಯ ಪ್ರವಾಸ ಲೇಖನಗಳನ್ನು ನಂಬಲಿಲ್ಲ, ಆಯಾ ಮ್ಯೂಸಿಯಮ್ಮಿನ ಸೈಟನ್ನೇ ಹೊರಡುವ ಹಿಂದಿನ ವಾರ ಇನ್ನೊಮ್ಮೆ ನೋಡಿದೆ. ನೋಡಿದ್ದು ಒಳ್ಳೆಯದಾಯಿತು, ಎರಡು ಸಾಲು ಕೆಂಪು ಬಣ್ಣಕ್ಕೆ ತಿರುಗಿದವು.

ಇಸವಿಯ ಕಾಲಮ್ಮಿನಲ್ಲಿ ಇನ್ನೊಂದು ತಮಾಷೆ. ಕೆಲವು ಘಟನೆಗಳಿಗೆ ಒಂದು ಕಡೆ ಒಂದು ವರ್ಷ, ಇನ್ನೊಂದು ಕಡೆ ಮುಂದಿನ ವರ್ಷ ಕೊಟ್ಟಿರುತ್ತಾರೆ. ಅಕ್ಕನಿಗೆ ಕಾರಣ ಗೊತ್ತಿತ್ತು. ಫ್ಲಾರೆನ್ಸಿನಲ್ಲಿ 1750ರವರೆಗೆ ಹೊಸ ವರ್ಷ ಶುರುವಾಗುತ್ತಿದ್ದದ್ದು ಜನವರಿ 1ಕ್ಕಲ್ಲ, ಮಾರ್ಚ್ 25ಕ್ಕೆ, ಹೆಚ್ಚುಕಡಿಮೆ ನಮ್ಮ ಯುಗಾದಿಯ ಹೊತ್ತಿಗೆ. ಹಾಗಾಗಿ ಅವರ ಹಳೆಯ ಕಾಗದಪತ್ರಗಳಲ್ಲಿ ಜನವರಿ, ಫೆಬ್ರವರಿಯಲ್ಲಿ ನಡೆದದ್ದೆಲ್ಲ ಹಿಂದಿನ ವರ್ಷದ ಲೆಕ್ಕದಲ್ಲಿ ಇರುತ್ತದೆ.

ಈಗ ಬಿಟ್ಟವುಗಳ ಪಟ್ಟಿ. ಕೆಥೆಡ್ರಲಿನ ಗುಮ್ಮಟ ಹತ್ತುವುದು ಬಿಟ್ಟೆವು. ಬ್ರುನೆಲೆಸ್ಕಿ 1420ರಿಂದ 1436ರವರೆಗೆ ಕಟ್ಟಿದ ಅದ್ಭುತ ಅದು, ನಿಜ, ಆದರೆ 463 ಮೆಟ್ಟಿಲು, ಲಿಫ್ಟ್ ಇಲ್ಲ, ಅಕ್ಕನ ಮಂಡಿ ಕೇಳುವುದಿಲ್ಲ. ಪೀಸಾ ಬಿಟ್ಟೆವು. ಅಕಾಡೆಮಿಯಾ ಕೂಡ ಬಿಟ್ಟೆವು, ಅಂದರೆ ಮಿಖೆಲಾಂಜೆಲೊನ ಅಸಲಿ ಡೇವಿಡ್ ನೋಡದೆ ಬಂದೆವು. ಇದನ್ನು ಹೇಳಿದಾಗಲೆಲ್ಲ ಯಾರಾದರೂ ಒಬ್ಬರು ಹಣೆ ಚಚ್ಚಿಕೊಳ್ಳುತ್ತಾರೆ. ನನ್ನ ವಾದ ಇಷ್ಟೇ. ಆ ಮೂರ್ತಿಯನ್ನು 1504ರಲ್ಲಿ ನಿಲ್ಲಿಸಿದ್ದು ಪಲಾತ್ಸೊ ವೆಕ್ಕಿಯೊ ಎದುರು, ಊರಿನ ಆಡಳಿತ ನಡೆಯುವ ಜಾಗದಲ್ಲಿ, ಬಯಲಿನಲ್ಲಿ. 1873ರಲ್ಲಿ ಅದನ್ನು ಒಳಗೆ ಸಾಗಿಸಿದರು. ಈಗ ಹೊರಗೆ ಇರುವುದು ನಕಲು, ಆದರೆ ಜಾಗ ಅಸಲಿ. ನಮ್ಮ ಇಡೀ ಪ್ರವಾಸವೇ ಬರೆದ ಜಾಗದಲ್ಲೇ ಉಳಿದ ಚಿತ್ರಗಳನ್ನು ನೋಡುವುದಕ್ಕೆ ಅಂತ ಇರುವಾಗ ನಕಲಿನ ಎದುರು ಬಿಸಿಲಲ್ಲಿ ನಿಂತುಕೊಂಡದ್ದು ನನಗೇನೂ ಕಡಿಮೆ ಅನ್ನಿಸಲಿಲ್ಲ. ಅಕ್ಕ ಈಗಲೂ ಒಪ್ಪಿಲ್ಲ.

ಉಫೀಜಿಯನ್ನು ಮಾತ್ರ ಇಟ್ಟುಕೊಂಡೆವು, ಅರ್ಧ ದಿನಕ್ಕೆ. ಟಿಕೆಟ್ ಹೆಸರಿನ ಮೇಲೆ ಇರುತ್ತದೆ, ಹೊತ್ತು ನಿಗದಿ. ಬೆಳಗಿನ ಮೊದಲ ಸ್ಲಾಟ್ ಹಿಡಿದೆ. ಅಲ್ಲಿಯ ಕಲಾಸಂಗ್ರಹ ಇನ್ನೂ ಅದೇ ಊರಿನಲ್ಲಿ ಉಳಿದದ್ದಕ್ಕೆ ಹಿಂದೆ ಊರನ್ನು ಆಳಿದ ಮೆಡಿಚಿ ಮನೆತನದ ಕೊನೆಯ ಕುಡಿ ಆನ್ನಾ ಮಾರಿಯಾ ಲುಯಿಸಾಳಿಗೆ ಋಣಿಯಾಗಿರಬೇಕು. ಮನೆತನದ ಆಸ್ತಿಯೆಲ್ಲ ಬೇರೆ ರಾಜರ ಕೈಗೆ ಹೋಗುವಾಗ, 1737ರಲ್ಲಿ, ಇದರಲ್ಲಿ ಒಂದು ವಸ್ತುವೂ ಫ್ಲಾರೆನ್ಸ್ ಬಿಟ್ಟು ಹೋಗಕೂಡದು ಅಂತ ಕರಾರು ಬರೆಸಿಕೊಂಡ ಗಟ್ಟಿಗಿತ್ತಿ ಅವಳು.

ತಿಂಗಳು ಆರಿಸುವುದಕ್ಕೆ ಜಾಸ್ತಿ ಯೋಚಿಸಲಿಲ್ಲ. ಜುಲೈ, ಆಗಸ್ಟ್ ವಿಪರೀತ ಸೆಕೆ ಮತ್ತು ಜನ. ಈಸ್ಟರ್ ಸುತ್ತಮುತ್ತ ರೂಮಿನ ಬೆಲೆ ಮುಗಿಲಿಗೆ. ಮಾರ್ಚ್ ಮೊದಲ ಭಾಗ ಹಿಡಿದೆವು, ಸ್ವೆಟರ್ ಹಾಕಿಕೊಂಡು ಓಡಾಡುವಷ್ಟು ಚಳಿ, ಆಗಾಗ ಮಳೆ. ಚಳಿಗಾಲದ ಹೊತ್ತು ಬೇಗ ಕತ್ತಲಾಗುತ್ತದೆ ಅನ್ನುವುದು ಊಟದ ಮನೆಗಳಿಗೆ ಅಡ್ಡಿಯಲ್ಲ, ಅವು ಹೇಗೂ ಬೆಳಗಿನ ಹೊತ್ತಿನವು.

ವೀಸಾ ಶೆಂಗೆನ್. ಪ್ರವಾಸಕ್ಕೆ 6 ತಿಂಗಳು ಮೊದಲೇ ಅರ್ಜಿ ಹಾಕಬಹುದು, 15 ದಿನಕ್ಕಿಂತ ಕಡಿಮೆ ಇದ್ದರೆ ಹಾಕುವ ಹಾಗಿಲ್ಲ. ಶುಲ್ಕ 90 ಯೂರೊ, ಮೇಲೆ ಅರ್ಜಿ ತೆಗೆದುಕೊಳ್ಳುವ ಕೇಂದ್ರದ ಸೇವಾ ಶುಲ್ಕ. ಕನಿಷ್ಠ 30,000 ಯೂರೊ ವೈದ್ಯಕೀಯ ವೆಚ್ಚ ಭರಿಸುವ ವಿಮೆ ಕಡ್ಡಾಯ. ನಮಗೆ ತಲೆನೋವಾದದ್ದು ಅಪಾಯಿಂಟ್‌ಮೆಂಟ್. ದಿನಾ ಬೆಳಿಗ್ಗೆ ಕಾಫಿ ಲೋಟ ಹಿಡಿದು ಸ್ಲಾಟ್ ನೋಡುವುದೇ ಒಂದು ವ್ರತವಾಯಿತು. ಅಕ್ಕನದು ಪೆನ್ಷನ್ ಕಾಗದ, ನನ್ನದು ಸಂಬಳದ ಚೀಟಿ ಮತ್ತು ಆಫೀಸಿನ ರಜೆಪತ್ರ, ಇಬ್ಬರದೂ ಬ್ಯಾಂಕ್ ಸ್ಟೇಟ್‌ಮೆಂಟ್, ಐಟಿ ರಿಟರ್ನ್ಸ್. ದಿನವಾರು ಕಾರ್ಯಕ್ರಮ ಕೇಳುತ್ತಾರೆ. ಬೇರೆಯವರು ಒಂದು ಪುಟ ಕೊಡುವ ಜಾಗದಲ್ಲಿ ನಾನು ಎಕ್ಸೆಲ್ ಶೀಟಿನ ಪ್ರಿಂಟೇ ಕೊಟ್ಟೆ. ಕೌಂಟರಿನ ಹುಡುಗಿ ಅದನ್ನು ತಿರುವಿ ನೋಡಿ, “ಮೇಡಂ, ಎಲ್ಲಾ ದಿನ ಊಟದ್ದೇ ಇದೆಯಲ್ಲ?” ಅಂದಳು.

ವಿಮಾನ ಬೆಂಗಳೂರಿನಿಂದ ಒಂದು ಕಡೆ ಇಳಿದು ಹತ್ತಿ ರೋಮಿಗೆ. ಅಲ್ಲಿಂದ ಫಾಸ್ಟ್ ಟ್ರೈನಿನಲ್ಲಿ ಸುಮಾರು ಒಂದೂವರೆ ಗಂಟೆ, ಇಳಿಯುವುದು ಸಾಂತಾ ಮಾರಿಯಾ ನೊವೆಲ್ಲಾ ಸ್ಟೇಷನ್ನಿನಲ್ಲಿ, ಊರಿನ ನಡುವೆಯೇ. ಟ್ರೈನ್ ಟಿಕೆಟ್ ಬೇಗ ತೆಗೆದುಕೊಂಡಷ್ಟೂ ಅಗ್ಗ. ಮನೆ ಹಿಡಿಯುವಾಗ ಲಿಫ್ಟ್ ಇದೆಯಾ ಅಂತ ಮೆಸೇಜ್ ಮಾಡಿ ಕೇಳಿದ್ದೆ, ಇದೆ ಅಂದಿದ್ದರು. ಇತ್ತು, ಆದರೆ ಲಿಫ್ಟ್ ಶುರುವಾಗುವುದೇ ಇಪ್ಪತ್ತು ಚಿಲ್ಲರೆ ಮೆಟ್ಟಿಲು ಹತ್ತಿದ ಮೇಲೆ! ಹಳೆಯ ಕಟ್ಟಡಗಳಲ್ಲಿ ಹೀಗಿರುತ್ತದಂತೆ. ವಯಸ್ಸಾದವರನ್ನು ಕರೆದುಕೊಂಡು ಹೋಗುವವರು ಲಿಫ್ಟ್ ಎಲ್ಲಿಂದ ಎಲ್ಲಿಯವರೆಗೆ ಅಂತ ಕೇಳಿ. ಬಾಡಿಗೆಯ ಜೊತೆಗೆ ತಲೆಗಿಷ್ಟು ರಾತ್ರಿಗಿಷ್ಟು ಅಂತ ಊರಿನ ತೆರಿಗೆ ಬೇರೆ ಇರುತ್ತದೆ, ಅದನ್ನು ಕೈಯಲ್ಲಿಟ್ಟುಕೊಂಡಿರಿ.

ಊರನ್ನು ನಕ್ಷೆಯಲ್ಲಿ ನಾಲ್ಕು ತುಂಡು ಮಾಡಿದೆ. ಉತ್ತರಕ್ಕೆ ಸಾಂತಾಪೊಲ್ಲೊನಿಯಾ, ಸಾನ್ ಮಾರ್ಕೊ, ಫುಲಿನ್ಯೊ. ಪಶ್ಚಿಮಕ್ಕೆ ಒನ್ನಿಸಾಂತಿ, ಸಾಂತಾ ಮಾರಿಯಾ ನೊವೆಲ್ಲಾ. ಪೂರ್ವಕ್ಕೆ ಸಾಂತಾ ಕ್ರೋಚೆ, ಅದರಿಂದಾಚೆ ದೂರದಲ್ಲಿ ಸಾನ್ ಸಾಲ್ವಿ. ನದಿಯಾಚೆ ಕಾರ್ಮಿನೆ. ಒಂದು ಬೆಳಿಗ್ಗೆ ಒಂದು ತುಂಡು, ಮಧ್ಯಾಹ್ನ ಊಟ, ನಿದ್ದೆ, ಸಂಜೆ ಸುಮ್ನೆ ತಿರುಗಾಟ. ಮಳೆ ಬಂದರೆ ತುಂಡುಗಳನ್ನು ಅದಲುಬದಲು ಮಾಡುವುದು.

ಮೊದಲು ಸಾಂತಾಪೊಲ್ಲೊನಿಯಾ. ಬೀದಿಯಲ್ಲಿ ಒಂದು ಸಾದಾ ಬಾಗಿಲು, ಗೊತ್ತಿಲ್ಲದವರು ಯಾವುದೋ ಆಫೀಸು ಅಂದುಕೊಂಡು ಮುಂದೆ ಹೋಗಿಬಿಡುತ್ತಾರೆ. ಕ್ಯೂ ಇಲ್ಲ. ಒಳಗೆ ಉದ್ದನೆಯ ಕೋಣೆ, ಕೊನೆಯ ಗೋಡೆಯ ಅಷ್ಟಗಲಕ್ಕೂ ಆಂದ್ರೆಯಾ ದೆಲ್ ಕಸ್ತಾನ್ಯೊ 1447ರಲ್ಲಿ ಬರೆದ ಕೊನೆಯ ಭೋಜನ. ನಾವು ಹೋದಾಗ ಇದ್ದದ್ದು ನಾವಿಬ್ಬರು ಮತ್ತು ಕುರ್ಚಿಯಲ್ಲಿ ಕೂತ ಕಾವಲಿನವರು.

ಚಿತ್ರ ಶಾಂತವಾಗಿಲ್ಲ. ಯೇಸು, ಶಿಷ್ಯರು ಒಂದು ಅಮೃತಶಿಲೆಯ ಕೋಣೆಯೊಳಗೆ ಬೆಂಚಿನ ಮೇಲೆ ಕೂತಿದ್ದಾರೆ, ಒಬ್ಬೊಬ್ಬರೂ ಕಲ್ಲಿನಲ್ಲಿ ಕಡೆದ ಹಾಗೆ ಬಿಗಿಯಾಗಿ. ಅವರ ಹಿಂದೆ ಗೋಡೆಗೆ ಬಣ್ಣಬಣ್ಣದ ಕಲ್ಲಿನ ಚಪ್ಪಡಿಗಳು. ಎಲ್ಲ ಚಪ್ಪಡಿಗಳೂ ಸುಮಾರಾಗಿ ತಣ್ಣಗಿವೆ, ಯೇಸು, ಶಿಷ್ಯ ಪೇತ್ರ, ಯೇಸುವನ್ನು ಹಿಡಿದುಕೊಟ್ಟ ಶಿಷ್ಯ ಯೂದ, ಈ ಮೂವರ ತಲೆಯ ಮೇಲಿನದು ಮಾತ್ರ ಕೆಂಪು, ಬಿಳಿ ಗೆರೆಗಳು ಸಿಡಿದೆದ್ದು ಬೆಂಕಿ ಹತ್ತಿದ ಹಾಗಿದೆ. ಮುಖಗಳಲ್ಲಿ ಇಲ್ಲದ ಗಲಾಟೆ ಎಲ್ಲ ಆ ಕಲ್ಲಿನಲ್ಲಿದೆ. ಮತ್ತೆ ಯೂದ. ಹನ್ನೆರಡು ಜನ ಮೇಜಿನ ಆಚೆ, ಅವನೊಬ್ಬ ಮೇಜಿನ ಈಚೆ, ನಮಗೆ ಪಕ್ಕೆ ತಿರುಗಿಸಿಕೊಂಡು ಕೂತಿದ್ದಾನೆ. ಕಪ್ಪು ಗಡ್ಡ, ಚೂಪು ಮೂಗು.

ಅಕ್ಕ ತುಂಬ ಹೊತ್ತು ನೋಡಿ ಹೇಳಿದ ಮೊದಲ ಮಾತು, “ಪಂಕ್ತಿಭೇದ ಕಣೇ ಇದು.”

ನಾನು ನಕ್ಕುಬಿಟ್ಟೆ, ಆದರೆ ಮುಂದೆ ನೋಡಿದ ಪ್ರತಿಯೊಂದು ಊಟದ ಮನೆಯಲ್ಲೂ ನಾವು ಮೊದಲು ಹುಡುಕಿದ್ದು ಅದನ್ನೇ, ಯೂದನನ್ನು ಎಲ್ಲಿ ಕೂರಿಸಿದ್ದಾರೆ ಅಂತ. ಫ್ಲಾರೆನ್ಸಿನ ಹಳೆಯ ಪದ್ಧತಿ ಅವನನ್ನು ಎದುರು ಬದಿಗೆ ಒಂಟಿಯಾಗಿ ಕೂರಿಸುವುದು. ನೋಡಿದ ತಕ್ಷಣ ದ್ರೋಹಿ ಯಾರು ಅಂತ ಗೊತ್ತಾಗಬೇಕು. ಲಿಯೊನಾರ್ಡೊ ಮಿಲಾನಿನಲ್ಲಿ ಮಾಡಿದ ದೊಡ್ಡ ಬದಲಾವಣೆ ಅವನನ್ನು ಉಳಿದವರ ಸಾಲಿಗೇ ಸೇರಿಸಿದ್ದು. ಆ ಮಿಲಾನಿನ ಚಿತ್ರ ಯಾವ ಪದ್ಧತಿಯನ್ನು ಮುರಿಯಿತು ಅನ್ನುವುದು ನನಗೆ ತಿಳಿದದ್ದು ಅದನ್ನು ನೋಡದೆ ಇದ್ದದ್ದರಿಂದ.

ಕಸ್ತಾನ್ಯೊನ ಈ ಕೆಲಸ ಶತಮಾನಗಳ ಕಾಲ ಹೊರಗಿನವರಿಗೆ ಗೊತ್ತೇ ಇರಲಿಲ್ಲ. ಇದು ಹೊರಗಿನವರನ್ನು ಒಳಗೆ ಬಿಡದ ಬೆನೆಡಿಕ್ಟೈನ್ ಸನ್ಯಾಸಿನಿಯರ ಮಠ. ಕಲಾವಿದರ ಚರಿತ್ರೆ ಬರೆದ ವಸಾರಿ ಕೂಡ ಇದರ ಹೆಸರೆತ್ತಿಲ್ಲ. 19ನೆಯ ಶತಮಾನದಲ್ಲಿ, ಮೊದಲು ನೆಪೋಲಿಯನ್ ಕಾಲದಲ್ಲಿ, ಆಮೇಲೆ 1866ರಲ್ಲಿ ಹೊಸ ಇಟಲಿ ಸರ್ಕಾರ ಮಠಗಳನ್ನು ಮುಚ್ಚಿಸಿ ಕಟ್ಟಡಗಳನ್ನು ವಶಪಡಿಸಿಕೊಂಡಿತು. ಕೆಲವು ಶಾಲೆಗಳಾದವು, ಕೆಲವು ಸೈನ್ಯದ ಉಗ್ರಾಣಗಳಾದವು. ಈ ಊಟದ ಮನೆಗಳು ಸರ್ಕಾರದ ಪುಟ್ಟ ಮ್ಯೂಸಿಯಮ್ಮುಗಳಾಗಿ ನಮ್ಮಂಥವರಿಗೆ ತೆರೆದದ್ದು ಹೀಗೆ. ಎದುರಿನ ಗೋಡೆಯಲ್ಲಿ ಸಿನೋಪಿಯಾಗಳನ್ನು ಇಟ್ಟಿದ್ದಾರೆ, ಅಂದರೆ ಸುಣ್ಣದ ಗಾರೆ ಬಳಿಯುವ ಮೊದಲು ಗೋಡೆಯ ಮೇಲೆ ಕೆಮ್ಮಣ್ಣಿನಲ್ಲಿ ಹಾಕಿಕೊಂಡ ಸ್ಕೆಚ್ಚು. ಹಸಿ ಗಾರೆಯ ಮೇಲೆ ಬರೆಯಬೇಕಾದ್ದರಿಂದ ಒಂದು ದಿನಕ್ಕೆ ಎಷ್ಟು ಬರೆಯಬಹುದೋ ಅಷ್ಟಕ್ಕೇ ಗಾರೆ ಬಳಿಯುತ್ತಾರೆ. ಬೆಳಕು ಓರೆಯಾಗಿ ಬಿದ್ದಾಗ ಒಂದು ದಿನದ ಕೆಲಸ ಮುಗಿದು ಇನ್ನೊಂದು ಶುರುವಾದ ಸಂದು ಕಾಣುತ್ತದೆ.

ಅಲ್ಲಿಂದ ಕೂಗಳತೆಯಲ್ಲಿ ಸಾನ್ ಮಾರ್ಕೊ. ಕೊಸಿಮೊ ಮೆಡಿಚಿಯ ದುಡ್ಡಿನಲ್ಲಿ ಮಿಖೆಲೊತ್ಸೊ ಹೊಸದಾಗಿ ಕಟ್ಟಿದ ಮಠ, ಅದರೊಳಗೆ ಅಲ್ಲಿಯೇ ಸನ್ಯಾಸಿಯಾಗಿದ್ದ ಫ್ರಾ ಆಂಜೆಲಿಕೊ ಮತ್ತು ಜೊತೆಗಾರರು ಸನ್ಯಾಸಿಗಳ ಒಂದೊಂದು ಕೋಣೆಗೂ ಒಂದೊಂದು ಚಿತ್ರ ಬರೆದರು. ಕೆಳಗೆ ಪುಸ್ತಕದಂಗಡಿ ಇರುವ ಚಿಕ್ಕ ಊಟದ ಮನೆಯಲ್ಲಿ ಗಿರ್ಲಾಂದಾಯೊ ಬರೆದ ಕೊನೆಯ ಭೋಜನ, ಯೂದನ ಹಿಂದೆ ನೆಲದ ಮೇಲೆ ಒಂದು ಬೆಕ್ಕು ಕೂತು ನೇರವಾಗಿ ನಮ್ಮನ್ನೇ ನೋಡುತ್ತಿದೆ. ಜನ ಅದರ ಮುಂದೆ ನಿಂತು ಕ್ಯಾಲೆಂಡರ್, ಫ್ರಿಜ್ಜಿಗೆ ಅಂಟಿಸುವ ಮ್ಯಾಗ್ನೆಟ್ ಆರಿಸುತ್ತಿದ್ದರು. ದೊಡ್ಡ ಊಟದ ಮನೆಯಲ್ಲಿ ಇರುವುದು ಬೇರೆ ಊಟ. ಮಠದಲ್ಲಿ ಅನ್ನಕ್ಕೆ ಗತಿಯಿಲ್ಲದ ದಿನ ಸಂತ ಡೊಮಿನಿಕ್‌ಗೂ ಅವನ ಸಂಗಡಿಗರಿಗೂ ದೇವದೂತರು ರೊಟ್ಟಿ ತಂದು ಬಡಿಸುವುದು, 1536ರದ್ದು.

ಆದರೆ ನನಗೆ ತುಂಬ ಹಿಡಿಸಿದ್ದು ಮೇಲೆ, 35ನೆಯ ಕೋಣೆಯ ಗೋಡೆಯಲ್ಲಿ. ಅಲ್ಲೂ ಕೊನೆಯ ಭೋಜನವೇ, ಆದರೆ ಮೇಜಿನ ಮೇಲೆ ಊಟವೇ ಇಲ್ಲ. ಯೇಸು ಎದ್ದು ನಿಂತು ಒಬ್ಬೊಬ್ಬರಿಗೂ ಪ್ರಸಾದ ಕೊಡುತ್ತಿದ್ದಾನೆ. ನಾಲ್ವರು ತಮ್ಮ ಮುಕ್ಕಾಲಿ ಬಿಟ್ಟು ಪಕ್ಕಕ್ಕೆ ಬಂದು ಮಂಡಿಯೂರಿದ್ದಾರೆ, ಆ ಖಾಲಿ ಮುಕ್ಕಾಲಿಗಳು ಹಾಗೇ ಉಳಿದಿವೆ. ಈ ಬದಿಯಲ್ಲಿ ಯೇಸುವಿನ ತಾಯಿ ಮರಿಯಾ ಕೂಡ ಮಂಡಿಯೂರಿದ್ದಾಳೆ. ಕೆಳಗಿನದು ಎಲ್ಲರೂ ಕೂತು ಉಣ್ಣುವ ಕೋಣೆಯದು, ಇದು ಒಬ್ಬನೇ ಕೂತು ಧ್ಯಾನ ಮಾಡುವ ಕೋಣೆಯದು. ಒಂದೇ ಕತೆ, ಆದರೆ ಯಾರು ಎಲ್ಲಿ ಕೂತು ನೋಡುತ್ತಾರೆ ಅನ್ನುವುದರ ಮೇಲೆ ಚಿತ್ರವೇ ಬೇರೆಯಾಗಿದೆ. ಇವನ್ನು ಬಿಚ್ಚಿ ತಂದು ಒಂದು ಮ್ಯೂಸಿಯಮ್ಮಿನ ಹಾಲಿನಲ್ಲಿ ಸಾಲಾಗಿ ನೇತುಹಾಕಿದ್ದರೆ ಇದು ಹೊಳೆಯುತ್ತಿರಲಿಲ್ಲ. ಸವೊನರೋಲಾ ಎಂಬ ಸನ್ಯಾಸಿ ಇದ್ದ ಕೋಣೆಗಳೂ ಇದೇ ಮಹಡಿಯಲ್ಲಿವೆ. ಊರಿನವರ ಆಡಂಬರದ ವಸ್ತುಗಳನ್ನು ರಾಶಿ ಹಾಕಿ ಸುಡಿಸಿದವನು, 1498ರಲ್ಲಿ ಅವನನ್ನೇ ನೇಣು ಹಾಕಿ ಸುಟ್ಟರು.

ಫುಲಿನ್ಯೊದಲ್ಲಿರುವುದು ಪೆರುಜಿನೊನದು. ಹಿಂದೆ ಬೆಟ್ಟ, ಮರ, ನೀಲಿ ಆಕಾಶ, ಎಲ್ಲರೂ ಬಲು ಸೌಮ್ಯ. 1840ರ ದಶಕದಲ್ಲಿ ಬೆಳಕಿಗೆ ಬಂದಾಗ ರಫಾಯೆಲ್ಲೊನದೇ ಅಂತ ಊರೆಲ್ಲ ಸಂಭ್ರಮಪಟ್ಟರಂತೆ. ನನಗೆ ಸ್ವಲ್ಪ ಸಪ್ಪೆ ಅನ್ನಿಸಿತು.

ಒನ್ನಿಸಾಂತಿಗೆ ಎರಡು ಸಲ ನಡೆಯಬೇಕಾಯಿತು, ಅದು ಕೆಲವೇ ದಿನ ತೆಗೆಯುವ ಪೈಕಿ. ಇಲ್ಲೂ ಗಿರ್ಲಾಂದಾಯೊನದೇ, 1480ರದ್ದು, ಸಾನ್ ಮಾರ್ಕೊದಲ್ಲಿ ಇರುವುದಕ್ಕಿಂತ ದೊಡ್ಡದು. ಮೇಜಿನ ಬಟ್ಟೆಯ ಮೇಲೆ ಚೆರ್ರಿ ಹಣ್ಣುಗಳು ಚೆಲ್ಲಾಡಿವೆ, ಹಿಂದೆ ಹಣ್ಣಿನ ಮರಗಳು, ಹಾರುವ ಹಕ್ಕಿಗಳು, ಕಿಟಕಿಯ ಮೇಲೆ ನವಿಲು. ಕೋಣೆಗೆ ನಿಜವಾಗಿ ಬೆಳಕು ಬರುವ ದಿಕ್ಕಿನಿಂದಲೇ ಚಿತ್ರದೊಳಗೂ ಬೆಳಕು ಬಂದು ನೆರಳು ಬೀಳುವ ಹಾಗೆ ಬರೆದಿದ್ದಾನೆ. ಪಕ್ಕದ ಚರ್ಚಿನಲ್ಲಿ ಬೊತ್ತಿಚೆಲ್ಲಿಯ ಸಮಾಧಿ. ಉಫೀಜಿಯಲ್ಲಿ ಅವನ ‘ವೀನಸ್’ ಮುಂದೆ ಮೊಬೈಲುಗಳ ಕಾಡು, ಇಲ್ಲಿ ಯಾರೂ ಇಲ್ಲ.

ಸಾಂತಾ ಮಾರಿಯಾ ನೊವೆಲ್ಲಾದಲ್ಲಿ ಎಲ್ಲರೂ ಮಸಾಚ್ಚೊನ ‘ಟ್ರಿನಿಟಿ’ ನೋಡುತ್ತಾರೆ, ನೋಡಲೇಬೇಕು. ನಾವು ಅದರ ಮ್ಯೂಸಿಯಮ್ಮಿನಲ್ಲಿ ಹುಡುಕಿಕೊಂಡು ಹೋದದ್ದು ಪ್ಲೌತಿಲ್ಲಾ ನೆಲ್ಲಿ ಎಂಬ ಸನ್ಯಾಸಿನಿಯ ಚಿತ್ರ. 1524ರಿಂದ 1588ರವರೆಗೆ ಬದುಕಿದ್ದವಳು, ಮಠದೊಳಗೇ ಸನ್ಯಾಸಿನಿಯರ ಕಲಾಶಾಲೆ ನಡೆಸಿದವಳು. ಸುಮಾರು 7 ಮೀಟರ್ ಉದ್ದದ ಕ್ಯಾನ್ವಾಸಿನ ಮೇಲೆ ಹದಿಮೂರು ಗಂಡಸರನ್ನು ಬರೆದಿದ್ದಾಳೆ. ನಾಲ್ಕು ವರ್ಷ ರಿಪೇರಿಯಾಗಿ 2019ರಿಂದ ಇಲ್ಲಿ ಇಟ್ಟಿದ್ದಾರೆ. ಉಳಿದವರ ಮೇಜುಗಳಲ್ಲಿ ಊಟ ನೆಪಕ್ಕೆ ಇದೆ. ಇವಳ ಮೇಜಿನ ಮೇಲೆ ಊಟ ಊಟದ ಹಾಗಿದೆ. ಕುರಿಮಾಂಸ, ಸೊಪ್ಪು, ಹಸಿ ಅವರೆಯ ಥರದ ಕಾಳು, ರೊಟ್ಟಿ, ಮಡಿಕೆ ಬಿಡಿಸಿದ ಗುರುತು ಇನ್ನೂ ಉಳಿದಿರುವ ಮೇಜಿನ ಬಟ್ಟೆ. “ಬಡಿಸಿ ಗೊತ್ತಿದ್ದವಳು ಬರೆದಿದ್ದಾಳೆ” ಅಂದಳು ಅಕ್ಕ. ಮೂಲೆಯಲ್ಲಿ ಸಹಿ ಹಾಕಿ, ಬರೆದವಳಿಗಾಗಿ ಪ್ರಾರ್ಥಿಸಿ ಅಂತ ಕೇಳಿಕೊಂಡಿದ್ದಾಳೆ.

ಊಟದ ವಿಷಯ ಬಂದದ್ದರಿಂದ ಹೇಳಿಬಿಡುತ್ತೇನೆ. ಅಕ್ಕ ಸಸ್ಯಾಹಾರಿ. ರೊಟ್ಟಿ, ಹುರುಳಿಕಾಯಿ ಬೀಜದಂಥ ಬಿಳಿ ಕಾಳು, ಕಪ್ಪು ಎಲೆಕೋಸು ಹಾಕಿ ಕುದಿಸುವ ರಿಬೊಲ್ಲಿತಾ, ಟೊಮೆಟೊ ಮತ್ತು ಹಳೆ ರೊಟ್ಟಿಯ ಪಪ್ಪಾ ಅಲ್ ಪೊಮೊದೊರೊ ಎರಡೂ ನಡೆದವು, ಮಾಂಸದ ಸಾರು ಹಾಕಿದ್ದೀರಾ ಅಂತ ಪ್ರತಿ ಸಲ ಕೇಳಬೇಕು. ಅಲ್ಲಿಯ ರೊಟ್ಟಿಗೆ ಉಪ್ಪೇ ಹಾಕುವುದಿಲ್ಲ. ಅದಕ್ಕೆ ಆಲಿವ್ ಎಣ್ಣೆ, ಮೇಲೆ ನಮ್ಮ ಮನೆಯ ಚಟ್ನಿಪುಡಿ. ಕಾಫಿಯನ್ನು ಕೌಂಟರಿನಲ್ಲಿ ನಿಂತು ಕುಡಿದರೆ ಒಂದು ರೇಟು, ಕೂತರೆ ಇನ್ನೊಂದು.

ಸಾಂತಾ ಕ್ರೋಚೆಗೆ ಇಡೀ ಬೆಳಿಗ್ಗೆ ಇಟ್ಟಿದ್ದೆ, ಸಾಲಲಿಲ್ಲ. ಮಿಖೆಲಾಂಜೆಲೊ, ಗೆಲಿಲಿಯೊ, ಮಕಿಯಾವೆಲ್ಲಿ ಎಲ್ಲರ ಸಮಾಧಿಗಳೂ ಇಲ್ಲಿವೆ. ಊಟದ ಮನೆಯಲ್ಲಿ ತದ್ದೆಯೊ ಗದ್ದಿ 14ನೆಯ ಶತಮಾನದ ನಡುವೆ ಬರೆದ ಗೋಡೆಯಿದೆ. ಮೇಲೆ ದೊಡ್ಡ ಮರದ ಹಾಗೆ ಕವಲೊಡೆದ ಶಿಲುಬೆ, ಕೆಳಗೆ ಉದ್ದಕ್ಕೆ ಕೊನೆಯ ಭೋಜನ. ಈ ಊರಿನ ಇಂಥ ದೊಡ್ಡ ಚಿತ್ರಗಳಲ್ಲಿ ಇದೇ ಎಲ್ಲಕ್ಕಿಂತ ಹಳೆಯದು, ಯೂದ ಈಚೆ ಬದಿಗೆ ಒಂಟಿಯಾಗಿ ಕೂತದ್ದೂ ಇಲ್ಲಿಯೇ ಇದೆ.

ಅದೇ ಕಟ್ಟಡದಲ್ಲಿ ವಸಾರಿ 1546ರಲ್ಲಿ ಹಲಗೆಗಳ ಮೇಲೆ ಬರೆದ ಕೊನೆಯ ಭೋಜನವೂ ಇದೆ, ಅದರ ಕತೆ ಬೇರೆ. 1966ರ ನವೆಂಬರ್ 4ರಂದು ಆರ್ನೊ ನದಿ ಉಕ್ಕಿ ಊರಿಗೆ ನುಗ್ಗಿತು. ಚಿಮಬೂಯೆ ಬರೆದ ದೊಡ್ಡ ಶಿಲುಬೆಯ ಬಣ್ಣ ಅರ್ಧಕ್ಕಿಂತ ಜಾಸ್ತಿ ಕಿತ್ತುಹೋಯಿತು. ವಸಾರಿಯ ಹಲಗೆಗಳು ಹನ್ನೆರಡು ಗಂಟೆಗೂ ಹೆಚ್ಚು ಹೊತ್ತು ಕೆಸರು ನೀರಿನಲ್ಲಿ ಮುಳುಗಿದ್ದವು. ಬಣ್ಣ ಉದುರದಿರಲಿ ಅಂತ ಕಾಗದ ಅಂಟಿಸಿ ಎತ್ತಿಟ್ಟವರು, ಅದನ್ನು ಸರಿಮಾಡುವುದು ಹೇಗೆ ಅಂತ ತಿಳಿಯದೆ ದಶಕಗಟ್ಟಲೆ ಹಾಗೇ ಇಟ್ಟಿದ್ದರು. 2016ರಲ್ಲಿ, ಪ್ರವಾಹದ ಐವತ್ತನೆಯ ವರ್ಷಕ್ಕೆ, ಮತ್ತೆ ತಂದು ನಿಲ್ಲಿಸಿದರು. ಈಗ ಮತ್ತೆ ನೀರು ಬಂದರೆ ಚಿತ್ರವನ್ನು ಮೇಲಕ್ಕೆ ಎತ್ತುವ ಯಂತ್ರವನ್ನೂ ಜೋಡಿಸಿದ್ದಾರೆ.

ಅಕ್ಕನಿಗೆ ಈ ಚರ್ಚಿನಲ್ಲಿ ಬೇರೆಯೇ ಕೆಲಸವಿತ್ತು. ಪೊಜ್ಜೊ ಬ್ರಾಚ್ಚೊಲಿನಿ ಅಂತ ಒಬ್ಬ ವಿದ್ವಾಂಸ, ಪೋಪರ ಕಾರ್ಯದರ್ಶಿ, ಕೊನೆಗಾಲದಲ್ಲಿ ಫ್ಲಾರೆನ್ಸಿನ ಚಾನ್ಸಲರ್ ಆಗಿ 1459ರಲ್ಲಿ ತೀರಿಕೊಂಡವನು. ಅವನನ್ನು ಹುಗಿದದ್ದು ಇಲ್ಲಿ. ಸುಮಾರು 1420ರಲ್ಲಿ ವಿಜಯನಗರಕ್ಕೆ ಬಂದಿದ್ದ ವೆನಿಸಿನ ನಿಕೊಲೊ ಕೊಂಟಿಯ ಹೆಸರು ನಾವೆಲ್ಲ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೇವಲ್ಲ? ಆ ಕೊಂಟಿ ತಾನೇ ಪುಸ್ತಕ ಬರೆದವನಲ್ಲ. ಪ್ರಯಾಣದಲ್ಲಿ ಜೀವ ಉಳಿಸಿಕೊಳ್ಳಲು ಧರ್ಮ ಬಿಟ್ಟಿದ್ದಕ್ಕೆ ವಾಪಸು ಬಂದು ಪೋಪ್ ನಾಲ್ಕನೆಯ ಯುಜಿನಿಯಸ್‌ನ ಹತ್ತಿರ ಕ್ಷಮೆ ಕೇಳಿದ, ಆಗ ಅವನು ಹೇಳಿದ್ದನ್ನೆಲ್ಲ ಕೇಳಿ ಲ್ಯಾಟಿನ್ನಿನಲ್ಲಿ ಬರೆದಿಟ್ಟವನು ಈ ಪೊಜ್ಜೊ. ವಿಜಯನಗರದ ಸುತ್ತಳತೆ 60 ಮೈಲಿ ಅನ್ನುವ ಮಾತು ಬಂದದ್ದು ಅದರಿಂದ. “ಮೂವತ್ತು ವರ್ಷ ಮಕ್ಕಳಿಗೆ ಕೊಂಟಿ ಕೊಂಟಿ ಅಂತ ಹೇಳಿಕೊಟ್ಟೆ, ಬರೆದವನ ಹೆಸರು ಒಂದು ಸಲವೂ ಹೇಳಲಿಲ್ಲ” ಅಂತ ಅವಳ ಪೇಚಾಟ. ಕಸ್ತಾನ್ಯೊ ಆ ಬೆಂಕಿಯಂಥ ಕಲ್ಲನ್ನು ಬರೆಯುತ್ತಿದ್ದ ಹೊತ್ತಿಗೇ, ಅದೇ 1440ರ ದಶಕದಲ್ಲಿ, ಹಂಪೆಯ ಸುದ್ದಿ ಇಲ್ಲಿನ ಲ್ಯಾಟಿನ್ ಓದುವವರ ಕಿವಿಗೆ ಬೀಳುತ್ತಿತ್ತು.

ನದಿಯಾಚೆಯ ಕಾರ್ಮಿನೆ ಚರ್ಚಿನ ಬ್ರಾಂಕಾಚ್ಚಿ ಚಾಪೆಲ್, ಅದರ ಗೋಡೆಚಿತ್ರಗಳ ಬಗ್ಗೆ ಎಲ್ಲರೂ ಬರೆದಿದ್ದಾರೆ. ಬುಕಿಂಗ್ ಮಾಡಿಸಿ ಹೋಗಿ, ಒಮ್ಮೆಗೆ ಸ್ವಲ್ಪ ಜನರನ್ನೇ ಬಿಡುತ್ತಾರೆ, ಅಷ್ಟು ಹೇಳಿದರೆ ಸಾಕು. ಒಂದು ಪುಟ್ಟ ಬೈನಾಕ್ಯುಲರ್ ಮತ್ತು ಚಿಲ್ಲರೆ ನಾಣ್ಯಗಳು ಜೊತೆಯಲ್ಲಿರಲಿ. ಕೆಲವು ಚರ್ಚುಗಳಲ್ಲಿ ಡಬ್ಬಿಗೆ ನಾಣ್ಯ ಹಾಕಿದರೆ ಮಾತ್ರ ಚಿತ್ರದ ಮೇಲೆ ದೀಪ ಹತ್ತುತ್ತದೆ, ಸ್ವಲ್ಪ ಹೊತ್ತಿಗೆ ಆರಿಹೋಗುತ್ತದೆ.

ಸಾನ್ ಸಾಲ್ವಿಗೆ ಸಿಟಿ ಬಸ್ಸು ಹಿಡಿದು ಹೋದೆವು. ಪ್ರವಾಸಿಗರೇ ಇಲ್ಲದ, ಅಪಾರ್ಟ್‌ಮೆಂಟು ತರಕಾರಿ ಅಂಗಡಿಗಳ ಬಡಾವಣೆ. ಆಂದ್ರೆಯಾ ದೆಲ್ ಸಾರ್ತೊ 1511ರಲ್ಲಿ ಒಪ್ಪಿಕೊಂಡು 1520ರ ದಶಕದಲ್ಲಿ ಮುಗಿಸಿದ ಕೆಲಸ. ಅಷ್ಟರಲ್ಲಿ ಲಿಯೊನಾರ್ಡೊನ ಚಿತ್ರ ಹೆಸರಾಗಿತ್ತು, ಇಲ್ಲಿ ಯೂದ ಎಲ್ಲರ ಸಾಲಿನಲ್ಲೇ, ಯೇಸುವಿನ ಪಕ್ಕದಲ್ಲೇ ಇದ್ದಾನೆ. ಮೇಲಿನ ಮಹಡಿಯ ಕಿಟಕಿಯಿಂದ ಇಬ್ಬರು ಕೆಲಸದವರು ಕೆಳಗೆ ಏನು ನಡೆಯುತ್ತಿದೆ ಅಂತ ಗೊತ್ತಿಲ್ಲದೆ ಮಾತಾಡಿಕೊಳ್ಳುತ್ತಿದ್ದಾರೆ. 1529ರಲ್ಲಿ ಊರಿಗೆ ಮುತ್ತಿಗೆ ಬೀಳುವಾಗ ಶತ್ರುಗಳಿಗೆ ಆಸರೆ ಸಿಗಬಾರದು ಅಂತ ಕೋಟೆಯಾಚೆಯ ಕಟ್ಟಡಗಳನ್ನು ಕೆಡವುತ್ತಾ ಬಂದವರು, ಈ ಗೋಡೆ ನೋಡಿ ಕೈ ತಡೆದರು ಅಂತ ಆ ಕಾಲದವರು ಬರೆದಿಟ್ಟಿದ್ದಾರೆ. ಎಲ್ಲದರಲ್ಲಿ ಯಾವುದು ಹೆಚ್ಚು ಅಂತ ಕೇಳಿದರೆ ಅಕ್ಕ ಇದನ್ನು ಹೇಳುತ್ತಾಳೆ, ನಾನು ಕಸ್ತಾನ್ಯೊ ಅನ್ನುತ್ತೇನೆ.

ಹೊರಡುವ ಮುಂಚಿನ ಸಂಜೆ ಪಟ್ಟಿಯಲ್ಲಿ ಇಲ್ಲದ ಒಂದು ಜಾಗ ನೋಡಿದೆವು. ಊರಿನ ಪಶ್ಚಿಮಕ್ಕೆ ನದಿಯ ದಡದ ಉದ್ದಕ್ಕೂ ಕಶೀನೆ ಪಾರ್ಕ್ ಇದೆ. ಅದರ ತುತ್ತತುದಿಯಲ್ಲಿ, ಮುನ್ಯೋನೆ ಹೊಳೆ ಆರ್ನೊ ನದಿಗೆ ಸೇರುವ ಕಡೆ, ಛತ್ರಿಯಾಕಾರದ ಒಂದು ಸ್ಮಾರಕ ಮಂಟಪ ಇದೆ. ಕೊಲ್ಲಾಪುರದ ಮಹಾರಾಜ ರಾಜಾರಾಮ್ ಇಂಗ್ಲೆಂಡಿನಿಂದ ವಾಪಸು ಬರುವಾಗ 1870ರ ನವೆಂಬರ್ 30ರಂದು ಈ ಊರಿನಲ್ಲಿ ತೀರಿಕೊಂಡ, ಆಗ ಅವನಿಗೆ 20 ವರ್ಷ. ಎರಡು ನೀರು ಕೂಡುವ ಜಾಗದಲ್ಲೇ ದಹನ ಆಗಬೇಕು ಅಂತ ವಿಶೇಷ ಅನುಮತಿ ಪಡೆದು ಅಲ್ಲಿ ಸಂಸ್ಕಾರ ಮಾಡಿದರು, 1874ರಲ್ಲಿ ಸ್ಮಾರಕ ಎದ್ದಿತು. ಹತ್ತಿರದ ಸೇತುವೆಗೂ ‘ಇಂಡಿಯಾನೊ’ ಅಂತಲೇ ಹೆಸರು. ಬೆಳಗಾವಿ, ನಿಪ್ಪಾಣಿ ಕಡೆಯವರು ಯಾರಾದರೂ ಹೋದರೆ ನೋಡಿ ಬನ್ನಿ, ಟಿಕೆಟ್ ಇಲ್ಲ, ಬುಕಿಂಗ್ ಇಲ್ಲ. ಪಾರ್ಕ್ ಮಾತ್ರ ತುಂಬ ಉದ್ದ, ಮಂಡಿನೋವಿನವರು ನಡೆದುಕೊಂಡು ಹೋಗುವ ದೂರ ಅಲ್ಲ, ನಾವು ವಾಪಸು ಬರುವುದಕ್ಕೆ ಟ್ಯಾಕ್ಸಿ ಕರೆಸಿದೆವು.